ಜಾವಾ 250 ಕಿಕ್ಕರ್ ಅಲ್ಲಾಡ್ತಿಲ್ಲ: ಎಂಜಿನ್ ಮೊದಲೋ, ಬಣ್ಣ ಮೊದಲೋ?

ತುಕ್ಕುಜಾವಾ:

ಎಲ್ಲರಿಗೂ ನಮಸ್ಕಾರ. ಸೋದರಮಾವನ ಶೆಡ್ಡಿನಲ್ಲಿ ವರ್ಷಾನುಗಟ್ಟಲೆ ಮೂಲೆ ಹಿಡಿದಿದ್ದ ಜಾವಾ 250 ಈಗ ನನ್ನ ಕೈಗೆ ಬಂದಿದೆ. ಆರ್‌ಸಿ ಪ್ರಕಾರ 1968ರ ಗಾಡಿ, ಎ ಟೈಪ್. "ತಗೊಂಡು ಹೋಗಯ್ಯ, ಜಾಗ ಆಗುತ್ತೆ" ಅಂದರು ಮಾವ. ಅವರಿಗೆ ಅದರ ಮೇಲೆ ಪ್ರೀತಿ ಗೀತಿ ಏನೂ ಇಲ್ಲ. ನನಗಿದೆ.

ಗಾಡಿ ಹೆಚ್ಚುಕಮ್ಮಿ ಪೂರ್ತಿ ಇದೆ, ಅದೇ ಸಮಾಧಾನ. ಸೈಲೆನ್ಸರ್ ಎರಡೂ ಇವೆ, ಚೈನ್ ಕವರ್ ಇದೆ, ಕಾರ್ಬುರೇಟರ್ ಮುಚ್ಚೋ ಕವರ್ ಕೂಡ ಇದೆ. ಟ್ಯಾಂಕಿನ ಪಕ್ಕದ ಮಂಡಿ ರಬ್ಬರ್ ಒಂದು ಕಡೆ ಹರಿದಿದೆ. ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟು ನೋಡಿದರೆ ಕೆಂಪು ತುಕ್ಕು, ತಳದಲ್ಲಿ ವಾರ್ನಿಶ್ ವಾಸನೆಯ ಅಂಟು. ಕ್ರೋಮ್ ಅಲ್ಲಲ್ಲಿ ಚುಕ್ಕಿ ಬಿದ್ದಿದೆ, ಎದ್ದು ಬಂದಿಲ್ಲ.

ತಲೆನೋವು ಎಂಜಿನ್‌ದು. ಕಿಕ್ಕರ್ ಮೇಲೆ ನಿಂತರೂ ಕದಲಲ್ಲ. ನ್ಯೂಟ್ರಲ್‌ನಲ್ಲಿದೆ, ಹಿಂದಿನ ಚಕ್ರ ಸಲೀಸಾಗಿ ತಿರುಗುತ್ತೆ. ಪ್ಲಗ್ ಬಿಚ್ಚಿ ಡೀಸೆಲ್ ಬಿಟ್ಟೆ, ಎಲ್ಲ ಎಲ್ಲೋ ಇಳಿದು ಹೋಯಿತು, ಪಿಸ್ಟನ್ ಮಾತ್ರ ಇದ್ದಲ್ಲೇ ಇದೆ.

ನನ್ನ ಗೆಳೆಯರದ್ದೆಲ್ಲ ಒಂದೇ ಮಾತು: ಕೊನೇ ಸ್ಕ್ರೂವರೆಗೂ ಬಿಚ್ಚು, ಫ್ರೇಮ್ ಪೌಡರ್ ಕೋಟಿಂಗಿಗೆ ಕೊಡು, ಅದು ಬರೋ ಹೊತ್ತಿಗೆ ಎಂಜಿನ್ ನೋಡ್ಕೋ. ಸದ್ಯಕ್ಕೆ ಸೀಟು, ಟ್ಯಾಂಕು ಬಿಟ್ಟರೆ ಬೇರೇನೂ ಬಿಚ್ಚಿಲ್ಲ. ನನ್ನ ಈಗಿನ ಬೈಕಿನ ಆಯಿಲ್, ಬ್ರೇಕ್ ಶೂ, ಚೈನ್ ಸ್ಪ್ರಾಕೆಟ್ ನಾನೇ ಬದಲಾಯಿಸ್ತೀನಿ, ಎಂಜಿನ್ ಒಳಗೆ ಕೈ ಹಾಕಿದವನಲ್ಲ. ಎಲ್ಲಿಂದ ಶುರು ಮಾಡಲಿ?

ಎರಡುಸ್ಟ್ರೋಕ್ ಮೇಷ್ಟ್ರು:

ಮೊದಲು ಕಿಕ್ಕರ್ ಮೇಲೆ ನಿಲ್ಲೋದನ್ನ ನಿಲ್ಲಿಸಿ. ಜಾವಾದಲ್ಲಿ ಕಿಕ್ಕರ್ರೂ ಅದೇ, ಗೇರ್ ಲಿವರ್ರೂ ಅದೇ. ಜಾಮ್ ಆದ ಎಂಜಿನ್ ಮೇಲೆ ಕುಣಿದರೆ ಪಿಸ್ಟನ್ ಬಿಡೋಕೆ ಮುಂಚೆ ಒಳಗಿನ ಕಿಕ್ ಹಲ್ಲು ಉದುರುತ್ತೆ. ಇರೋ ಕೆಲಸ ಸಾಲದೂಂತ ಇನ್ನೊಂದು.

ಡೀಸೆಲ್ ಎಲ್ಲಿ ಹೋಯ್ತು ಅಂದರೆ, ಟೂ ಸ್ಟ್ರೋಕ್ ಸಿಲಿಂಡರಿನ ಗೋಡೆಯಲ್ಲಿ ಪೋರ್ಟುಗಳಿವೆಯಲ್ಲ, ಪಿಸ್ಟನ್ ಕೆಳಗೆ ನಿಂತಿದ್ದರೆ ಅವು ತೆರೆದೇ ಇರುತ್ತವೆ. ನೀವು ಬಿಟ್ಟದ್ದು ರಿಂಗಿನ ಹತ್ತಿರ ಒಂದು ಗಳಿಗೆಯೂ ನಿಲ್ಲದೆ ಸೈಲೆನ್ಸರಿಗೋ ಕ್ರ್ಯಾಂಕ್‌ಕೇಸಿಗೋ ಸೇರಿಕೊಂಡಿದೆ. ಪ್ಲಗ್ ತೂತಿನಲ್ಲಿ ಒಂದು ಪ್ಲಾಸ್ಟಿಕ್ ಕಡ್ಡಿ ಇಳಿಬಿಟ್ಟು ಪಿಸ್ಟನ್ ಎಷ್ಟು ಕೆಳಗಿದೆ ಅಂತ ಅಂದಾಜು ಮಾಡಿ. ಇದರ ಬೋರ್ (ಸಿಲಿಂಡರಿನ ಒಳಗಿನ ಅಗಲ) 65 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡಾಡೋ ದೂರ) 75. ಆಮೇಲೆ ಹೆಡ್ ತೆಗೀರಿ, ಸೈಲೆನ್ಸರ್ ಬೆಂಡ್ ಎರಡೂ ಬಿಚ್ಚಿ, ಎಕ್ಸಾಸ್ಟ್ ಪೋರ್ಟಿನಿಂದಲೂ ಇಣುಕಿ. ಅರ್ಧ ಅಸಿಟೋನ್, ಅರ್ಧ ಎಟಿಎಫ್ (ಪವರ್ ಸ್ಟೀರಿಂಗಿಗೆ ಹಾಕ್ತಾರಲ್ಲ, ಆ ಕೆಂಪು ಎಣ್ಣೆ) ಕಲಸಿ, ಬಟ್ಟೆ ಅದ್ದಿ ಪಿಸ್ಟನ್ ಅಂಚಿನ ಸುತ್ತ ಒತ್ತಿಡಿ. ಒಣಗಿದಾಗೆಲ್ಲ ಮತ್ತೆ ಹಾಕಿ. ವಾರ ಹಿಡಿಯಲಿ, ಹದಿನೈದು ದಿನವೇ ಹಿಡಿಯಲಿ, ಅವಸರ ಮಾಡಬೇಡಿ.

ಅದಕ್ಕೂ ಬಗ್ಗದಿದ್ದರೆ ಬಿಸಿ. ಎಲ್ಲ ಒರೆಸಿ, ಅಸಿಟೋನ್ ಪೂರ್ತಿ ಆರಿದ ಮೇಲೆ, ಬಯಲಲ್ಲಿ, ಹಾಟ್ ಏರ್ ಗನ್ ಹಿಡಿದು ಸಿಲಿಂಡರಿನ ಹೊರಗಿನ ರೆಕ್ಕೆಗಳಿಗೆ ಶಾಖ ಕೊಡಿ. ಸಿಲಿಂಡರ್ ಬೀಡು ಕಬ್ಬಿಣ, ಪಿಸ್ಟನ್ ಅಲ್ಯುಮಿನಿಯಂ. ನಿಧಾನಕ್ಕೆ ಕಾಯಿಸಿದರೆ ಅಲ್ಯುಮಿನಿಯಮ್ಮೇ ಜಾಸ್ತಿ ಉಬ್ಬಿ ಇನ್ನೂ ಬಿಗಿಯುತ್ತೆ, ಅದಕ್ಕೇ ಹೊರಗಿನಿಂದ ಬೇಗ ಕಾಯಿಸಬೇಕು. ಆಮೇಲೆ ಬೋರಿನ ಅಳತೆಗೆ ಕಡೆಸಿದ ಮರದ ಗುಂಡು ಇಟ್ಟು ಮೆಲ್ಲಗೆ ತಟ್ಟಿ. ಪಿಸ್ಟನ್ ಒಡೆದರೆ ಒಡೆಯಲಿ ಬಿಡಿ, ಹೇಗೂ ಓವರ್‌ಸೈಜ್ ಪಿಸ್ಟನ್ ಹಾಕಿಸ್ತೀರಿ. ಸಿಲಿಂಡರ್ರೂ ಕನೆಕ್ಟಿಂಗ್ ರಾಡೂ ಉಳಿದರೆ ಸಾಕು.

ಇನ್ನು ಬಣ್ಣ. ಬಣ್ಣ ಕೊನೆಗೆ. ಈ ವಿಷಯದಲ್ಲಿ ನಾನು ಹಠಮಾರಿ, ಬೈದುಕೊಂಡರೂ ಸರಿ. ತುಕ್ಕಿನ ಮೈಯಲ್ಲೇ ಗಾಡಿ ಮೊದಲು ಓಡಬೇಕು, ಕೆಲವು ನೂರು ಕಿಲೋಮೀಟರ್ ಓಡಬೇಕು. ಎಲ್ಲಿ ಸೋರುತ್ತೆ, ಮಡ್‌ಗಾರ್ಡಿನ ಯಾವ ಪಟ್ಟಿ ಬಿರುಕು ಬಿಟ್ಟಿದೆ, ಹಿಂದೆ ಯಾರೋ ಸ್ಟ್ಯಾಂಡಿಗೆ ವೆಲ್ಡಿಂಗ್ ಮಾಡಿ ಓರೆ ಕೂರಿಸಿದ್ದಾರಾ, ಚಕ್ರ ಎರಡೂ ಒಂದೇ ಗೆರೆಯಲ್ಲಿವೆಯಾ, ಇದೆಲ್ಲ ಗೊತ್ತಾಗೋದು ರಸ್ತೆಗಿಳಿದ ಮೇಲೆ. ಪೌಡರ್ ಕೋಟಿಂಗ್ ಆದಮೇಲೆ ಒಂದು ಬ್ರ್ಯಾಕೆಟ್ ವೆಲ್ಡ್ ಮಾಡಿಸಿ ನೋಡಿ, ಹೊಟ್ಟೆ ಉರಿ ಆಗ ಗೊತ್ತಾಗುತ್ತೆ. ಇನ್ನೊಂದು ಮಾತು: ಮೊದಲೇ ಪೂರ್ತಿ ಬಿಚ್ಚಿದ ಗಾಡಿಗಳಲ್ಲಿ ಎಷ್ಟೋ ಚೀಲದಲ್ಲೇ ಉಳಿದು ಚೀಲದಲ್ಲೇ ಮಾರಾಟ ಆಗ್ತವೆ. ನಾನು ಅಂಥ ಚೀಲಗಳನ್ನ ಕೊಂಡಿದ್ದೇನೆ. ಅರ್ಧ ಸಾಮಾನು ಬೇರೆ ಯಾವುದೋ ಗಾಡಿದು.

ಮುಂದೆ ಫ್ರೇಮ್ ಬ್ಲಾಸ್ಟಿಂಗಿಗೆ ಕೊಡುವಾಗ ಸ್ಟೀರಿಂಗ್ ಹೆಡ್ಡಿನ ಮೇಲೆ ಕೊರೆದ ಚಾಸಿಸ್ ನಂಬರಿಗೆ ನೀವೇ ದಪ್ಪ ಟೇಪ್ ಸುತ್ತಿ ಕೊಡಿ. ಅವರು ಸುತ್ತಲ್ಲ. ಮರಳು ಹೊಡೆದು, ಮೇಲೆ ದಪ್ಪ ಕೋಟಿಂಗ್ ಕೂತರೆ ಅಂಕಿ ಓದೋಕಾಗಲ್ಲ. ಆಮೇಲೆ ನಿಮ್ಮ ಆರ್‌ಸಿ ಇದೇ ಗಾಡಿದು ಅಂತ ಸಾಬೀತು ಮಾಡೋ ಹೊತ್ತಿಗೆ ಸಾಕುಬೇಕಾಗುತ್ತೆ.

ಸ್ಪ್ರೇಗನ್:

ಮೇಷ್ಟ್ರ ಮಾತಿಗೆ ಒಂದು ತಕರಾರು. ಓಡಿಸಿ ನೋಡೋದು ಸರಿ, ಆದರೆ ಕೆಲವು ನೂರು ಕಿಲೋಮೀಟರ್ ಯಾಕೆ? ಎರಡು ಸಲ ಬಿಚ್ಚಿದರೆ ಎರಡು ಸಲ ಪ್ಯಾಕಿಂಗ್ (ಗ್ಯಾಸ್ಕೆಟ್), ಎರಡು ಸಲ ಮಂಡಿ ನೋವು. ಎಂಜಿನ್ ರಿಪೇರಿ ಆದಮೇಲೆ ಫ್ರೇಮಿಗೆ ಕೂರಿಸಿ, ಚಕ್ರ, ಹ್ಯಾಂಡಲ್, ಮಡ್‌ಗಾರ್ಡ್ ಎಲ್ಲ ಒಮ್ಮೆ ಬಿಗಿದು ನೋಡಿ, ಸ್ಟಾರ್ಟ್ ಮಾಡಿ, ನಾಲ್ಕು ಸುತ್ತು ಹೊಡೆದು ಬಣ್ಣಕ್ಕೆ ಕೊಡಿ. ನಾನು ಹಾಗೇ ಮಾಡೋದು.

ಟ್ಯಾಂಕ್ ಮಾತ್ರ ಬಣ್ಣಕ್ಕೆ ಮೊದಲೇ ಒಳಗಿಂದ ಸ್ವಚ್ಛ ಆಗಬೇಕು, ಇದರಲ್ಲಿ ಎರಡು ಮಾತಿಲ್ಲ. ತುಕ್ಕು ತೂತನ್ನೂ ಮುಚ್ಚಿಕೊಂಡಿರುತ್ತೆ. ತುಕ್ಕು ಹೋದಮೇಲೇ ತಳದ ಜೋಡಣೆಯಲ್ಲಿ ಪಿನ್ನಿನ ಮೊನೆಯಷ್ಟು ತೂತು ಕಾಣೋದು. ಮೊದಲು ಅಂಟು ಹೋಗೋ ಹಾಗೆ ತೊಳೆದು, ಸಿಟ್ರಿಕ್ ಆಸಿಡ್ ಪುಡಿಯನ್ನ ಬಿಸಿನೀರಿನಲ್ಲಿ ಕರಗಿಸಿ ಬಾಯಿ ತನಕ ತುಂಬಿ. ಬಾಯಿ ತನಕ, ಯಾಕೆಂದರೆ ಅರ್ಧ ತುಂಬಿಸಿದರೆ ನೀರಿನ ಗೆರೆಯ ಮೇಲೆ ಹೊಸ ತುಕ್ಕು ಬರುತ್ತೆ. ಖಾಲಿ ಮಾಡಿದ ಕೂಡಲೇ ಅಡುಗೆ ಸೋಡಾ ಹಾಕಿದ ನೀರಲ್ಲಿ ತೊಳೆದು, ಬಿಸಿಗಾಳಿ ಹಿಡಿದು ಒಣಗಿಸಿ, ಟೂ ಟಿ ಆಯಿಲ್ (ಟೂ ಸ್ಟ್ರೋಕ್ ಗಾಡಿಗೆ ಪೆಟ್ರೋಲ್ ಜೊತೆ ಬೆರೆಸೋ ಎಣ್ಣೆ) ಹಾಕಿ ಎಲ್ಲ ಕಡೆ ಹೊರಳಾಡಿಸಿ. ಈ ಮೂರರ ನಡುವೆ ಟೀ ಕುಡಿಯೋಕೆ ಹೋಗಬೇಡಿ, ಬರೋ ಹೊತ್ತಿಗೆ ಒಳಗೆಲ್ಲ ಕೆಂಪಾಗಿರುತ್ತೆ. ಎಲೆಕ್ಟ್ರೋಲಿಸಿಸ್ ಮಾಡ್ತೀರಾದರೆ ಒಳಗೆ ಇಳಿಬಿಡೋದು ಮಾಮೂಲಿ ಕಬ್ಬಿಣದ ಸರಳಾಗಿರಲಿ. ಸ್ಟೇನ್‌ಲೆಸ್ ಸ್ಟೀಲ್ ಬೇಡ, ಅದರಿಂದ ನೀರಿಗೆ ವಿಷದ ಕ್ರೋಮಿಯಂ ಇಳಿಯುತ್ತೆ. ತೂತು ಸಿಕ್ಕಿದರೆ ಪೆಟ್ರೋಲ್ ಟ್ಯಾಂಕ್ ಬೆಸುಗೆ ಗೊತ್ತಿರೋರ ಹತ್ತಿರವೇ ಹೋಗಿ. ತೊಳೆದು ಒಣಗಿಸಿದ ಟ್ಯಾಂಕ್ ಕೂಡ ಸಿಡಿಯಬಹುದು.

ಕ್ರೋಮ್ ಎದ್ದು ಬಂದಿಲ್ಲ ಅಂದಿರಲ್ಲ, ಹಾಗಾದರೆ ಮತ್ತೆ ಕ್ರೋಮ್ ಮಾಡಿಸೋಕೆ ಹೋಗಬೇಡಿ. ಅಲ್ಯುಮಿನಿಯಂ ಫಾಯಿಲ್ ಒದ್ದೆ ಮಾಡಿ ಉಜ್ಜಿ, ಮೇಣ ಹಚ್ಚಿ. ಹೊಸ ಕ್ರೋಮ್‌ಗೆ ಮುಂಚೆ ಹಳೇದನ್ನ ತೆಗೆದು ತಗಡನ್ನ ಪಾಲಿಶ್ ಹೊಡೀತಾರೆ, ಅಲ್ಲೇ ತಗಡು ತೆಳುವಾಗಿ ಅಂಚು ಗಿಂಚು ಎಲ್ಲ ಮೊಂಡಾಗಿಬಿಡುತ್ತೆ. ಹಳೇ ಬಣ್ಣ ಉಜ್ಜುವಾಗ ನೀರು ಹಾಕಿಕೊಂಡೇ ಉಜ್ಜಿ, ಮಾಸ್ಕ್ ಇರಲಿ. ಆ ಕಾಲದ ಬಣ್ಣದಲ್ಲಿ ಸೀಸ ಇರಬಹುದು.

ಎರಡುಸ್ಟ್ರೋಕ್ ಮೇಷ್ಟ್ರು:

ನಾಲ್ಕು ಸುತ್ತಿನಲ್ಲಿ ಗೇರ್‌ಬಾಕ್ಸ್ ಬಿಸಿಯೂ ಆಗಲ್ಲ, ಮಾರಾಯ್ರೇ. ಟ್ಯಾಂಕಿನ ವಿಷಯಕ್ಕೆ ಪೂರ್ತಿ ಒಪ್ಪಿಗೆ.

ತುಕ್ಕುಜಾವಾ:

ಪಿಸ್ಟನ್ ಬಿಟ್ಟಿತು! ಬಟ್ಟೆ ಉಪಾಯಕ್ಕೆ ಜಗ್ಗಲಿಲ್ಲ, ಬಿಸಿಗೆ ಬಗ್ಗಿತು. ಎಕ್ಸಾಸ್ಟ್ ಪೋರ್ಟಿನ ಕೆಳಗೆ ಬೋರಿನಲ್ಲಿ ಬೆರಳಗಲ ತುಕ್ಕಿನ ಪಟ್ಟೆ ಇದೆ, ಉಗುರಿಗೆ ಸಿಗುತ್ತೆ. ಲೇತ್‌ನವರು ಬೋರ್ ಮಾಡಿದರೆ ಹೋಗುತ್ತೆ ಅಂದಿದ್ದಾರೆ, ಓವರ್‌ಸೈಜ್ ಪಿಸ್ಟನ್ ತಂದುಕೊಡಿ ಅಂದರು.

ಈಗಿನ ಪ್ರಶ್ನೆ: ಕ್ರ್ಯಾಂಕ್ ತಿರುಗುತ್ತೆ. ರಾಡ್ ಹಿಡಿದು ಮೇಲೆ ಕೆಳಗೆ ಎಳೆದರೆ ಆಟ ಇಲ್ಲ, ಪಕ್ಕಕ್ಕೆ ಸ್ವಲ್ಪ ಇದೆ. ತಿರುಗಿಸುವಾಗ ಒಂದು ಕಡೆ ಮರಳು ಸಿಕ್ಕಿದ ಹಾಗೆ ಕರಕರ ಅನ್ನುತ್ತೆ. ಕ್ರ್ಯಾಂಕ್‌ಕೇಸ್ ಬಿಚ್ಚಲೇಬೇಕಾ? ಹಳೇ ಸ್ಟಾಕಿನ ಒರಿಜಿನಲ್ ಆಯಿಲ್ ಸೀಲ್ ಒಬ್ಬರ ಹತ್ತಿರ ಇದೆಯಂತೆ, ಪ್ಯಾಕೆಟ್ಟೂ ಒಡೆದಿಲ್ಲವಂತೆ.

ಎರಡುಸ್ಟ್ರೋಕ್ ಮೇಷ್ಟ್ರು:

ಬಿಚ್ಚಲೇಬೇಕು. ಪಕ್ಕದ ಆಟ ಇರಬೇಕಾದ್ದೇ, ಅದು ಬಿಡಿ. ಆ ಕರಕರ ಇದೆಯಲ್ಲ, ಅದು ಬೇಡ. ಫೋರ್ ಸ್ಟ್ರೋಕ್ ಎಂಜಿನ್ ನಿಂತರೂ ತಳದಲ್ಲಿ ಆಯಿಲ್ ಇರುತ್ತೆ. ಇದರಲ್ಲಿ ಕ್ರ್ಯಾಂಕ್ ಬೇರಿಂಗಿಗೆ ಸಿಗೋದು ಪೆಟ್ರೋಲಿನ ಜೊತೆ ಬಂದ ಟೂ ಟಿ ಆಯಿಲ್ ಮಾತ್ರ. ನಿಂತ ಗಾಡಿಯಲ್ಲಿ ಪೆಟ್ರೋಲ್ ಆರುತ್ತೆ, ತೇವ ಹನಿಯಾಗಿ ತಳಕ್ಕೆ ಸೇರುತ್ತೆ, ಬಿಗ್ ಎಂಡಿನ (ರಾಡ್ ಕ್ರ್ಯಾಂಕಿಗೆ ಸೇರೋ ಕಡೆಯ) ರೋಲರ್ ತುಕ್ಕು ಹಿಡಿದು ಚುಕ್ಕಿ ಬೀಳುತ್ತೆ. ಈಗ ಆಟ ಇಲ್ಲದಿದ್ದರೂ ಓಡಿಸಿದರೆ ಆ ಚುಕ್ಕಿಗಳೇ ಅದನ್ನ ತಿಂದುಹಾಕುತ್ತವೆ.

ಕೇಸ್ ಬಿಚ್ಚುವಾಗ ಎರಡು ಭಾಗದ ನಡುವೆ ಸ್ಕ್ರೂಡ್ರೈವರ್ ತೂರಿಸಬೇಡಿ. ಒಂದು ಗೀರು ಸಾಕು, ಅಲ್ಲಿಂದ ಜೀವಮಾನವಿಡೀ ಗಾಳಿ ಎಳೆಯುತ್ತೆ. ಸ್ಕ್ರೂಗಳಿಗೆ ಸುತ್ತಿಗೆಯಲ್ಲಿ ಹೊಡೆಯೋ ಇಂಪ್ಯಾಕ್ಟ್ ಡ್ರೈವರ್ ಬೇಕು, ಡೈನಮೋ ಆರ್ಮೇಚರಿಗೆ ಪುಲ್ಲರ್ ಬೇಕು. ಬೇರಿಂಗ್ ತೆಗೆಯೋಕೆ ಕೇಸನ್ನ ಕಾಯಿಸಿ, ಮೇಲೆ ನೀರು ಚಿಮುಕಿಸಿದರೆ ಚುಯ್ ಅನ್ನುವಷ್ಟು. ಬೇರಿಂಗ್ ತಾನಾಗೇ ಕಳಚಿ ಬೀಳುತ್ತೆ. ಹೊಸ ಬೇರಿಂಗನ್ನ ಫ್ರೀಜರಿನಲ್ಲಿಟ್ಟು ಬಿಸಿ ಕೇಸಿಗೆ ಹಾಕಿದರೆ ಸುತ್ತಿಗೆಯೇ ಬೇಡ. ಕ್ರ್ಯಾಂಕ್ ಒತ್ತಿಸೋದು, ರಾಡ್ ಕಿಟ್ ಹಾಕೋದು, ಸೆಂಟರ್ ಮಾಡೋದು ಮನೆ ಕೆಲಸ ಅಲ್ಲ. ಕೊಟ್ಟು ಮಾಡಿಸಿ, ತರುವಾಗ ಡಯಲ್ ಗೇಜ್ ಹಿಡಿಸಿ ನೋಡಿ. ಓಲಾಟ 0.03 ಮಿ.ಮೀ. ಒಳಗಿದ್ದರೆ ತಗೊಳ್ಳಿ.

ಬೋರ್ ಆಗಿ ಬಂದಮೇಲೆ ಪೋರ್ಟಿನ ಅಂಚಿಗೆ ಬೆರಳು ಆಡಿಸಿ. ಬ್ಲೇಡಿನ ಹಾಗೆ ಹರಿತ ಇದ್ದರೆ ವಾಪಸ್ ಕೊಟ್ಟು ಅಂಚು ಮುರಿಸಿ. ತುಂಬಾ ಜನ ಇದನ್ನ ಮಾಡಲ್ಲ, ರಿಂಗ್ ಹೋಗಿ ಆ ಅಂಚಿಗೆ ಸಿಕ್ಕಿಕೊಂಡು ತುಂಡಾಗುತ್ತೆ. ರಿಂಗಿನ ಬಾಯಿ ಪಿಸ್ಟನ್ನಿನ ತೋಡಿನಲ್ಲಿರೋ ಪಿನ್ನಿಗೇ ಕೂರಬೇಕು, ಪಿಸ್ಟನ್ ತಲೆಯ ಬಾಣ ಎಕ್ಸಾಸ್ಟ್ ಕಡೆಗೆ.

ಪ್ಯಾಕೆಟ್ ಒಡೆಯದ ಸೀಲ್ ಬೇಡ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದೇ 1996ರಲ್ಲಿ. ಆ ಪ್ಯಾಕೆಟ್ ನಿಜವಾಗಲೂ ಕಾರ್ಖಾನೆದೇ ಆದರೆ ರಬ್ಬರಿನ ವಯಸ್ಸು ಲೆಕ್ಕ ಹಾಕಿ. ಬಾಗಿಸಿದರೆ ತುಟಿ ಬಿರಿಯುತ್ತೆ. ಲೋಹದ ಸಾಮಾನು ಹಳೇ ಸ್ಟಾಕ್ ಸಿಕ್ಕಿದರೆ ಕಣ್ಣಿಗೊತ್ತಿಕೊಂಡು ತಗೊಳ್ಳಿ, ರಬ್ಬರ್ ಮಾತ್ರ ಹೊಸದು. ಸೀಲಿನ ಮೇಲೆ ಅಳತೆ ಬರೆದಿರುತ್ತೆ, ಬೇರಿಂಗ್ ಅಂಗಡಿಯಲ್ಲಿ ಅದೇ ಅಳತೆ ಹೇಳಿ ಕೇಳಿ. (2018ರಲ್ಲಿ ಮತ್ತೆ ಬಂದ ಜಾವಾದ ಸಾಮಾನು ಕೇಳೋಕೆ ಹೋಗಬೇಡಿ, ಅದು ಫೋರ್ ಸ್ಟ್ರೋಕ್. ಹೆಸರು ಬಿಟ್ಟರೆ ಏನೂ ಹೊಂದಲ್ಲ.)

ಎಲ್ಲ ಜೋಡಿಸಿದ ಮೇಲೆ, ಫ್ರೇಮಿಗೆ ಕೂರಿಸೋಕೆ ಮುಂಚೆ, ಗಾಳಿ ಟೆಸ್ಟ್ ಮಾಡಿ. ಇದೊಂದನ್ನ ಬಿಟ್ಟೀರಿ ಜೋಕೆ. ಎಕ್ಸಾಸ್ಟ್ ಎರಡನ್ನೂ ರಬ್ಬರ್ ಬಿರಡೆ ಹಾಕಿ ಮುಚ್ಚಿ. ಕಾರ್ಬುರೇಟರ್ ಕೂರೋ ಬಾಯಿಗೆ ರಬ್ಬರ್ ಪೈಪ್ ಬಿಗಿದು, ಇನ್ನೊಂದು ತುದಿಗೆ ಕೈಯಲ್ಲಿ ಒತ್ತೋ ಬಿಪಿ ಮಾಪಕದ ಬಲ್ಬೂ ಗಡಿಯಾರದ ಮೀಟರೂ ಸಿಕ್ಕಿಸಿ. ಪಿಸ್ಟನ್ ಕೆಳಗಿರಲಿ, ಪ್ಲಗ್ ಬಿಗಿದಿರಲಿ. 300ಕ್ಕೆ ಏರಿಸಿ ನಿಲ್ಲಿಸಿ. ಅದು ಸುಮಾರು 6 ಪಿಎಸ್‌ಐ, ಟೂ ಸ್ಟ್ರೋಕ್ ಕ್ರ್ಯಾಂಕ್‌ಕೇಸಿಗೆ ಅಷ್ಟೇ ಬೇಕಾದ್ದು. ಜಾಸ್ತಿ ಹೊಡೆದರೆ ಸೀಲ್ ತಾನೇ ಎದ್ದು ಬರುತ್ತೆ. ಮುಳ್ಳು ನಿಮಿಷಗಟ್ಟಲೆ ಅಲ್ಲೇ ನಿಂತರೆ ಪಾಸ್. ನಿಮಿಷಕ್ಕೆ 50ಕ್ಕಿಂತ ಜಾಸ್ತಿ ಬೀಳ್ತಿದ್ದರೆ ಸೋಪಿನ ನೀರು ಬಳಿದು ಹುಡುಕಿ: ಸಿಲಿಂಡರ್ ಬುಡ, ಕೇಸಿನ ನಡುಗೆರೆ, ಬಲಗಡೆ ಡೈನಮೋ ಹಿಂದಿನ ಸೀಲ್. ಎಡಗಡೆಯದು ಕವರಿನೊಳಗಿದೆ, ಗುಳ್ಳೆ ಕಾಣಲ್ಲ. ಗೇರ್ ಆಯಿಲ್ ತುಂಬೋ ತೂತಿಗೆ ಸೋಪಿನ ಪರದೆ ಹಚ್ಚಿ, ಗಾಳಿಯಾಡೋ ಬೇರೆ ತೂತಿದ್ದರೆ ಬೆರಳಲ್ಲಿ ಮುಚ್ಚಿ. ಪರದೆ ಮೆಲ್ಲಗೆ ಗುಮ್ಮಟದ ಹಾಗೆ ಎದ್ದರೆ ಎಡಗಡೆ ಸೀಲ್ ಸೋರ್ತಿದೆ ಅಂತಲೇ ಅರ್ಥ.

ಆರು ವೋಲ್ಟ್:

ವೈರಿಂಗ್ ಬಗ್ಗೆ ಯಾರೂ ಮಾತೇ ಎತ್ತಲಿಲ್ಲ, ನಾನು ಎತ್ತುತ್ತೇನೆ. "ಜಾವಾ ಲೈಟ್ ಹಣತೆ" ಅಂತ ಬೈಯೋರೆಲ್ಲ ಅರ್ತ್ ನೋಡದವರು. ಹೆಡ್‌ಲೈಟ್ ಬಲ್ಬ್ 35 ವ್ಯಾಟ್. 6 ವೋಲ್ಟಿನಲ್ಲಿ ಅದು ಸುಮಾರು 5.8 ಆಂಪ್ಸ್ ಎಳೆಯುತ್ತೆ, 12 ವೋಲ್ಟಿನಲ್ಲಿ ಅದರ ಅರ್ಧ. ಕರೆಂಟ್ ದುಪ್ಪಟ್ಟು, ವೋಲ್ಟೇಜ್ ಅರ್ಧ. ಹಾಗಾಗಿ ಅದೇ ವೈರಿನಲ್ಲಿ ನಷ್ಟದ ಪಾಲು ನಾಲ್ಕು ಪಟ್ಟು. ಅದರ ಮೇಲೆ, ಹೆಡ್‌ಲೈಟಿನ ಅರ್ತ್ ಹ್ಯಾಂಡಲ್ ಮೂಲಕ, ಕೋನ್ ಸೆಟ್ಟಿನ (ಹ್ಯಾಂಡಲ್ ತಿರುಗೋ ಬೇರಿಂಗಿನ) ಗ್ರೀಸ್ ಹಚ್ಚಿದ ಗುಂಡುಗಳನ್ನ ದಾಟಿ ಫ್ರೇಮಿಗೆ ಬರಬೇಕು! ಪೌಡರ್ ಕೋಟಿಂಗ್ ಆದ ಗಾಡಿಯಲ್ಲಿ ಅದೂ ಇಲ್ಲ, ಎಲ್ಲ ಜಂಟಿಯಲ್ಲೂ ಬಣ್ಣ. ಹೆಡ್‌ಲೈಟಿನಿಂದ ಬ್ಯಾಟರಿಯ ಅರ್ತ್ ತುದಿವರೆಗೆ ಒಂದು ದಪ್ಪ ವೈರ್ ಬೇರೆಯಾಗಿ ಎಳೀರಿ. ಹೊರಗೆ ಕಾಣಲ್ಲ, ಲೈಟ್ ನೋಡಿ.

ಡೈನಮೋ 45 ವ್ಯಾಟಿಂದು, ಮೊದಲೇ ಬಿಗಿ ಲೆಕ್ಕ. ಕಮ್ಯುಟೇಟರ್ (ಬ್ರಷ್ ಉಜ್ಜೋ ತಾಮ್ರದ ಪಟ್ಟಿಗಳ ಉರುಳೆ) ಕಪ್ಪಾಗಿದ್ದರೆ ನಯವಾದ ಮರಳು ಕಾಗದದಲ್ಲಿ ಉಜ್ಜಿ, ಎಮರಿ ಬೇಡ, ಅದರ ಪುಡಿ ಕೂತು ಶಾರ್ಟ್ ಆಗಬಹುದು. ತಾಮ್ರದ ಪಟ್ಟಿಗಳ ಸಂದಿನ ಕೊಳೆ ಸೂಜಿಯಲ್ಲಿ ಕೆರೆದು ತೆಗೀರಿ, ಬ್ರಷ್ ಸಲೀಸಾಗಿ ಜಾರಬೇಕು. ಪಾಯಿಂಟ್ ಗ್ಯಾಪ್ 0.4 ಮಿ.ಮೀ., ಕಂಡೆನ್ಸರ್ ಕಣ್ಣುಮುಚ್ಚಿ ಹೊಸದು ಹಾಕಿ. ಇಗ್ನಿಷನ್ ಬ್ಯಾಟರಿಯಿಂದ ಬರೋದು, ಬ್ಯಾಟರಿ ಸತ್ತಿದ್ದರೆ ಎಷ್ಟು ಕಿಕ್ ಹೊಡೆದರೂ ಸ್ಪಾರ್ಕ್ ಬರಲ್ಲ.

12 ವೋಲ್ಟಿಗೆ ಬದಲಾಯಿಸಿ ಅಂತ ಯಾರಾದರೂ ಬರ್ತಾರೆ ಈಗ. ರಾತ್ರಿ ದೂರ ಓಡಿಸೋರು ಮಾಡಿಕೊಳ್ಳಲಿ, ತಪ್ಪಿಲ್ಲ. ಮೊದಲು ಇರೋದನ್ನ ಸರಿ ಮಾಡಿ ನೋಡಿ ಅಂತ ನನ್ನ ಅಭಿಪ್ರಾಯ.

ತುಕ್ಕುಜಾವಾ:

ಮೇಷ್ಟ್ರೇ, ಗಾಳಿ ಟೆಸ್ಟಿನಲ್ಲಿ ಮೊದಲು ಸಿಲಿಂಡರ್ ಬುಡದಲ್ಲಿ ಗುಳ್ಳೆ ಬಂತು, ಪ್ಯಾಕಿಂಗ್ ಬದಲಾಯಿಸಿದ ಮೇಲೆ ಮುಳ್ಳು ನಿಂತಿತು. ಎಡಗಡೆ ಪರದೆ ಏಳಲಿಲ್ಲ. ನಿನ್ನೆ ಸಂಜೆ ಬಾಟಲಿಯಲ್ಲಿ ಪೆಟ್ರೋಲ್ ನೇತುಹಾಕಿ ಸ್ಟಾರ್ಟ್ ಮಾಡಿದೆ. ಶಬ್ದ ಕೇಳಿ ಬಂದ ಮಾವ, "ಮಾರಿಬಿಡ್ತೀಯಾ?" ಅಂದರು. ಮಾರಲ್ಲ ಅಂದೆ.

ಆದರೆ ಹೊಗೆ ಸಿಕ್ಕಾಪಟ್ಟೆ, ಬಿಳಿ ಹೊಗೆ. ಬಲಗಡೆ ಸೈಲೆನ್ಸರಿನಲ್ಲೇ ಜಾಸ್ತಿ. ಲೀಟರಿಗೆ 50 ಎಂಎಲ್ ಆಯಿಲ್ ಹಾಕಿದ್ದೆ. ಸೀಲ್ ಹೋಯ್ತಾ?

ಎರಡುಸ್ಟ್ರೋಕ್ ಮೇಷ್ಟ್ರು:

50 ಎಂಎಲ್ ಅಂದರೆ 20ಕ್ಕೆ 1, ಹೊಸ ಪಿಸ್ಟನ್ನಿಗೆ ಸರಿಯಾಗಿದೆ. ರನ್ನಿಂಗ್ ಇನ್ (ಹೊಸ ಪಿಸ್ಟನ್ ಪಳಗೋ ಮೊದಲ ಓಟ) ಮುಗಿದ ಮೇಲೆ 40 ಎಂಎಲ್‌ಗೆ ಇಳಿಸಿ. ಅಲ್ಲಿವರೆಗೆ ಒಂದೇ ಥ್ರಾಟಲ್ಲಿನಲ್ಲಿ ಉದ್ದಕ್ಕೆ ಎಳೆಯಬೇಡಿ, ಏರಿಸಿ ಇಳಿಸಿ ಓಡಿಸಿ.

ಹೊಗೆಗೆ ಹೆದರಬೇಡಿ. ಎಡ ಸೀಲ್ ಹೋಗಿದ್ದರೆ ಎಂಜಿನ್ ಗೇರ್ ಆಯಿಲ್ ಎಳೆದುಕೊಂಡು ಸುಟ್ಟು, ಎರಡೂ ಸೈಲೆನ್ಸರಿನಲ್ಲಿ ಒಂದೇ ಥರ ಹೊಗೆ ಬರ್ತಿತ್ತು. ಬಲಗಡೆದರಲ್ಲಿ ಮಾತ್ರ ಜಾಸ್ತಿ ಅಂದರೆ, ನೀವು ಮೊದಲು ಬಿಟ್ಟ ಡೀಸೆಲ್ಲು, ಹಳೇ ಆಯಿಲ್ಲು ಆ ಸೈಲೆನ್ಸರಿನಲ್ಲಿ ಕೂತು ಈಗ ಸುಡ್ತಿರಬೇಕು. ಒಳಗಿನ ಬ್ಯಾಫಲ್ ಹೊರಗೆಳೆದು ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಸಿಡಿ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ಅಲ್ಯುಮಿನಿಯಂ ಏನೂ ಅದರ ಹತ್ತಿರ ಬರೋದು ಬೇಡ, ಕರಗಿ ಹೋಗುತ್ತೆ. ಗೇರ್ ಆಯಿಲ್ ಮಟ್ಟಕ್ಕೆ ಇವತ್ತೇ ಗುರುತು ಮಾಡಿಕೊಳ್ಳಿ. ಸ್ವಲ್ಪ ಓಡಿಸಿ, ಎಂಜಿನ್ ತಣ್ಣಗಾದ ಮೇಲೆ ಮತ್ತೆ ನೋಡಿ. ಮಟ್ಟ ಇಳಿದಿದ್ದರೆ ಮಾತ್ರ ಸೀಲಿನ ಮಾತು.

ಮತ್ತೆ, ರಸ್ತೆಗೆ ಇಳಿಯೋಕೆ ಮುಂಚೆ ಬ್ರೇಕ್ ಡ್ರಮ್ ಬಿಚ್ಚುತ್ತೀರಲ್ಲ, ಒಳಗಿನ ಧೂಳಿಗೆ ಗಾಳಿ ಹೊಡೆಯಬೇಡಿ, ಹಳೇ ಲೈನರಿನಲ್ಲಿ ಆಸ್ಬೆಸ್ಟಾಸ್ ಇರುತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಕವರಿಗೆ ಹಾಕಿ ಕಟ್ಟಿ ಬಿಸಾಕಿ. ಟಯರಿನ ಪಕ್ಕದಲ್ಲಿ ತಾರೀಖಿನ ಅಂಕಿ ನಾಲ್ಕಿದೆಯಾ ಮೂರಿದೆಯಾ ನೋಡಿ. ನಾಲ್ಕಿದ್ದರೆ ಮೊದಲೆರಡು ವಾರ, ಕೊನೆಯೆರಡು ವರ್ಷ. ಮೂರೇ ಇದ್ದರೆ ಅದು 2000ಕ್ಕಿಂತ ಹಿಂದಿನ ಟಯರ್, ಗ್ರಿಪ್ ಎಷ್ಟೇ ಚೆನ್ನಾಗಿ ಕಂಡರೂ ಅದರ ಮೇಲೆ ಕೂತು ಹೋಗಬೇಡಿ.